ಬೆಟ್ಟದೂರಿನ ಯಂತ್ರ

"ಅಮ್ಮಾ, ದೂರದ ಯಂತ್ರ ನನ್ನನ್ನು ‘ನೀನು ಯಾರು’ ಎಂದು ಕೇಳುವುದು ನ್ಯಾಯ. ಮನೆ ಅದರದು, ಒಳಗೆ ಹೋಗುವವನು ನಾನು. ಆದರೆ ನಾನೇಕೆ ಅದನ್ನು ‘ನೀನು ಯಾರು’ ಎಂದು ಕೇಳಬೇಕು?"

ಕೇಳಿದವನು ದೊರೆಸ್ವಾಮಿ. ಅವನು ಕೇಳಿದ್ದು ನಂಜಮ್ಮಣ್ಣಿಯವರನ್ನು. ಕಂಪ್ಯೂಟರಿನ ಕೆಲಸ ಕಲಿಯಬೇಕೆಂದು ಅವರ ಬಳಿ ಬಂದವರು ಮೊದಲು ಸುಮ್ಮನೆ ಕುಳಿತುಕೊಳ್ಳುವುದನ್ನು ಕಲಿಯಬೇಕಾಗುತ್ತಿತ್ತು. ದೊರೆಸ್ವಾಮಿ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತಿದ್ದ.

ಆಗಲೂ ಅವನ ಕಾಲು ಮೇಜಿನ ಕೆಳಗೆ ಅಲ್ಲಾಡುತ್ತಿತ್ತು. ಎದುರಿಗಿದ್ದದ್ದು ವಿಂಡೋಸ್ ಕಂಪ್ಯೂಟರ್. ಅಲ್ಲಿಂದ ಅವನು ಬೇರೊಂದು ಊರಿನಲ್ಲಿದ್ದ ಲಿನಕ್ಸ್ ಸರ್ವರಿನೊಳಗೆ ಹೋಗಬೇಕಿತ್ತು. ಸಂಜೆಯೊಳಗೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟ ಕೆಲಸ ಅದರೊಳಗಿತ್ತು. ವಿಳಾಸ ಕೊಟ್ಟ ಕೂಡಲೇ ಪರದೆಯ ಮೇಲೆ ಒಂದು ಚೌಕ ಎದ್ದು ನಿಂತಿತು. ಈ ವಿಳಾಸದಲ್ಲಿ ಉತ್ತರ ಕೊಡುತ್ತಿರುವ ಯಂತ್ರದ ಗುರುತು ಮೊದಲಿನ ಗುರುತಲ್ಲ, ಆದರೂ ನಂಬಿ ಮುಂದುವರಿಯಲೇ ಎಂದು ಅದು ಕೇಳುತ್ತಿತ್ತು. ಕೆಳಗೆ ‘ಹೌದು’, ‘ಬೇಡ’ ಎಂಬ ಎರಡು ಗುಂಡಿಗಳಿದ್ದವು. ದೊರೆಸ್ವಾಮಿ ‘ಹೌದು’ ಒತ್ತುವಷ್ಟರಲ್ಲಿ ನಂಜಮ್ಮಣ್ಣಿ ಅವನ ಕೈಯಿಂದ ಮೌಸ್ ಎಳೆದುಕೊಂಡಿದ್ದರು. ಅದಕ್ಕೇ ಆ ಪ್ರಶ್ನೆ ಹುಟ್ಟಿದ್ದು.

"ಇದು ಆಗಾಗ ಬರುತ್ತಲೇ ಇರುತ್ತೆ ಅಮ್ಮಾ. ಎಲ್ಲರೂ ಹೌದು ಅಂತಲೇ ಒತ್ತೋದು" ಎಂದ.

"ಎಲ್ಲರೂ ಒತ್ತುತ್ತಾರೆ ಅನ್ನೋದು ನನಗೂ ಗೊತ್ತು. ನಿನ್ನ ಪ್ರಶ್ನೆಗೆ ಒಂದು ಕತೆ ಇದೆ, ಕೇಳು."

"ಚಿಕ್ಕದಾ ಅಮ್ಮಾ?"

"ನೀನು ಕಾಲು ಅಲ್ಲಾಡಿಸೋದು ನಿಲ್ಲಿಸಿದರೆ ಚಿಕ್ಕದು" ಎಂದು ನಂಜಮ್ಮಣ್ಣಿ ಮೌಸನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕತೆ ಹೇಳತೊಡಗಿದರು.

ಒಂದೂರಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ಮಾರುವ ಒಬ್ಬ ಹೆಂಗಸಿದ್ದಳು. ಮೊದಲಿಗೆ ಅವಳು ಬೇರೆಯವರ ತೋಟದ ಹಿಪ್ಪುನೇರಳೆ ಸೊಪ್ಪನ್ನು ತಲೆಯ ಮೇಲೆ ಹೊತ್ತು ತಂದುಕೊಡುತ್ತಿದ್ದಳು. ಆಮೇಲೆ ಹುಳು ಸಾಕಿದಳು. ಆಮೇಲೆ ಮೊಟ್ಟೆ ಮಾರಿದಳು. ಅವಳಿಗೆ ಯಾರೂ ಓದು ಕಲಿಸಲಿಲ್ಲ. ಸಾಮಾನು ಕಟ್ಟಿ ಬಂದ ಪತ್ರಿಕೆಯ ಚೂರುಗಳನ್ನು ನೋಡಿ ಕನ್ನಡ ಕಲಿತಳು, ಬಸ್ಸಿನ ಹಾಗೂ ಅಂಗಡಿಯ ಫಲಕಗಳನ್ನು ನೋಡಿ ಇಂಗ್ಲಿಷ್ ಅಕ್ಷರ ಕಲಿತಳು. ಇದನ್ನು ಅವಳು ಯಾವತ್ತೂ ಮರೆಯಲಿಲ್ಲ. ಬೇರೆಯವರು ಮರೆಯುವುದಕ್ಕೂ ಬಿಡಲಿಲ್ಲ.

ಅವಳ ಮೊಟ್ಟೆಗೆ ಒಂದು ಹೆಸರಿತ್ತು. ಅವಳ ಮೊಟ್ಟೆ ಒಡೆದರೆ ಎಲ್ಲವೂ ಒಂದೇ ಬೆಳಿಗ್ಗೆ ಒಡೆಯುತ್ತವೆ ಎಂದು ಸುತ್ತಿನ ಹಳ್ಳಿಗಳವರು ಹೇಳುತ್ತಿದ್ದರು. ಹುಳು ಸಾಕುವವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಒಂದು ತಟ್ಟೆಯ ಹುಳುಗಳೆಲ್ಲ ಒಂದೇ ದಿನದವಾದರೆ ಒಟ್ಟಿಗೆ ಸೊಪ್ಪು ತಿನ್ನುತ್ತವೆ, ಒಟ್ಟಿಗೆ ಪೊರೆ ಬಿಡಲು ಮಲಗುತ್ತವೆ. ಹಾಗೆ ಮಲಗುವುದನ್ನು ಸಾಕುವವರು ಜ್ವರ ಎನ್ನುತ್ತಾರೆ. ಜ್ವರದಲ್ಲಿರುವ ಹುಳುವಿನ ಮೇಲೆ ಸೊಪ್ಪು ಹಾಕಬಾರದು, ಎದ್ದಿರುವ ಹುಳುವಿಗೆ ಸೊಪ್ಪು ತಪ್ಪಿಸಬಾರದು. ಒಂದೇ ತಟ್ಟೆಯಲ್ಲಿ ಕೆಲವು ಮಲಗಿ ಕೆಲವು ಎದ್ದಿದ್ದರೆ ಆ ತಟ್ಟೆಯನ್ನು ದೇವರೂ ಸಾಕಲಾರ. ಆದ್ದರಿಂದ ಜನ ಅವಳು ಹೇಳಿದ ದಿನವನ್ನು ನಂಬಿ ತೋಟ ಕತ್ತರಿಸುತ್ತಿದ್ದರು. ಅವಳು ಹೇಳಿದ ದಿನಕ್ಕೆ ಸರಿಯಾಗಿ ಎಳೆ ಸೊಪ್ಪು ಚಿಗುರಿ ನಿಂತಿರುತ್ತಿತ್ತು. ಒಂದು ಮನೆಯ ಒಂದು ಬೆಳೆ ಪೂರ್ತಿ ಅವಳ ಬಾಯಿಮಾತಿನ ಮೇಲೆ ನಿಂತಿರುತ್ತಿತ್ತು.

ಅವಳು ಮೊಟ್ಟೆಯನ್ನು ದೂರದ ಬೆಟ್ಟದೂರಿನ ಶೀತಾಗಾರದಲ್ಲಿ ಇಟ್ಟಿದ್ದಳು. ಅಲ್ಲಿ ಐದು ಡಿಗ್ರಿಯ ಚಳಿಯಲ್ಲಿ ಮೊಟ್ಟೆ ನಿದ್ದೆ ಮಾಡುತ್ತಿತ್ತು. ಮಾರುವ ಕಾಲ ಬಂದಾಗ ಅದನ್ನು ಥಟ್ಟನೆ ಬಿಸಿಲಿಗೆ ತರುವಂತಿಲ್ಲ. ಕೆಲವು ದಿನ ಹದಿನೈದು ಡಿಗ್ರಿಯಲ್ಲಿಟ್ಟು ನಿಧಾನವಾಗಿ ಎಚ್ಚರಿಸಬೇಕು. ಹಾಗೆ ಎಚ್ಚರಿಸಿದ ಮೊಟ್ಟೆ ಒಟ್ಟಿಗೆ ಒಡೆಯುತ್ತದೆ. ಒದ್ದು ಎಬ್ಬಿಸಿದ ಮೊಟ್ಟೆ ತನಗೆ ತೋಚಿದ ದಿನ ಒಡೆಯುತ್ತದೆ.

ಶೀತಾಗಾರದ ಚಳಿಯನ್ನು ಏರಿಸಿ ಇಳಿಸುವುದು ಅಲ್ಲಿನ ಒಂದು ಲಿನಕ್ಸ್ ಯಂತ್ರದ ಕೆಲಸವಾಗಿತ್ತು. ಅದನ್ನು ನೋಡಿಕೊಳ್ಳಲು ಅವಳು ಓದಿದ ಒಬ್ಬನನ್ನು ಇಟ್ಟಿದ್ದಳು. ಆದರೆ ಒಂದು ಕಟ್ಟಪ್ಪಣೆ ಮಾಡಿದ್ದಳು. "ಯಂತ್ರ ನೋಡ್ಕೊಳೋದು ನಿನ್ನ ಕೆಲಸ. ಚಳಿ ಎಷ್ಟಿರಬೇಕು ಅನ್ನೋದು ನನ್ನ ಕೆಲಸ. ಅದಕ್ಕೆ ಕೈ ಹಾಕಿದ್ಯೋ, ಆ ಕೈ ನಿಂದಲ್ಲ" ಎಂದಿದ್ದಳು. ಅವನು ಆ ಮಾತನ್ನು ಉಳಿಸಿಕೊಂಡು ಬಂದಿದ್ದ.

ಮೊದಮೊದಲು ಅವಳು ಚಳಿ ಏರಿಸಲು, ಇಳಿಸಲು ತಾನೇ ಬಸ್ಸು ಹತ್ತಿ ಬೆಟ್ಟದೂರಿಗೆ ಹೋಗಿ ಬರುತ್ತಿದ್ದಳು. ಹೋದರೆ ಅಂಗಡಿ ಏನಾಯಿತೋ ಎಂಬ ಚಡಪಡಿಕೆ, ಬಂದರೆ ಮೊಟ್ಟೆ ಏನಾಯಿತೋ ಎಂಬ ಚಡಪಡಿಕೆ. ಕೊನೆಗೆ ಅವನನ್ನು ಕರೆದು, ನನ್ನ ಅಂಗಡಿಯ ಕಂಪ್ಯೂಟರಿನಿಂದಲೇ ಆ ಯಂತ್ರದೊಳಗೆ ಹೋಗುವುದು ಹೇಗೆಂದು ಕಲಿಸು ಎಂದಳು.

ಅವಳ ಅಂಗಡಿಯಲ್ಲಿದ್ದದ್ದು ವಿಂಡೋಸ್. ಅವನು ಅದಕ್ಕೆ ಒಂದು ಪ್ರೋಗ್ರಾಂ ಹಾಕಿದ. ಎರಡು ಭಾಗದ ಒಂದು ಕೀಯನ್ನು ಮಾಡಿದ.

"ಅಕ್ಕಾ, ಇದರ ಒಂದು ಭಾಗ ಬೆಟ್ಟದೂರಿನ ಯಂತ್ರದಲ್ಲಿ ಇಡ್ತೀನಿ. ಅದನ್ನ ಲೋಕವೆಲ್ಲ ನೋಡಿದರೂ ನಷ್ಟ ಇಲ್ಲ. ಇನ್ನೊಂದು ಭಾಗ ನಿಮ್ಮ ಮೇಜು ಬಿಟ್ಟು ಎಲ್ಲಿಗೂ ಹೋಗಲ್ಲ. ಅದಕ್ಕೊಂದು ಗುಟ್ಟಿನ ಮಾತು ಹಾಕ್ಕೊಳಿ, ನನಗೂ ಹೇಳಬೇಡಿ. ನಡುವೆ ಯಾರು ಕದ್ದು ಕೇಳಿದರೂ ಅವರಿಗೆ ಗೊಜಗೊಜ ಅನ್ನೋದು ಬಿಟ್ಟು ಏನೂ ಸಿಗಲ್ಲ."

ಅವಳಿಗೆ ಇದು ಹಿಡಿಸಿತು. ಗುಟ್ಟಿನ ಮಾತನ್ನು ಅವಳು ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. ಪ್ರತಿ ಸಲ ಯಂತ್ರ ಅದನ್ನು ಕೇಳಿದಾಗಲೂ ಅವಳಿಗೆ ಒಳಗೊಳಗೆ ಹಿಗ್ಗು. ನನ್ನ ಮನೆಗೆ ನನ್ನನ್ನೂ ಕೇಳದೆ ಬಿಡುವುದಿಲ್ಲ ನೋಡಿ ಎಂದು ಅಂಗಡಿಗೆ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಅವನು ಇನ್ನೊಂದು ವಿಷಯವನ್ನೂ ಹೇಳಿಕೊಟ್ಟಿದ್ದ. "ಯಂತ್ರ ನಿಮ್ಮನ್ನ ಕೀ ನೋಡಿ ಗುರುತು ಹಿಡಿಯುತ್ತೆ. ನೀವು ಅದನ್ನ ಗುರುತು ಹಿಡಿಯೋದಕ್ಕೆ ಅದಕ್ಕೂ ಒಂದು ಗುರುತಿದೆ, ಉದ್ದಕ್ಕೆ ಒಂದು ಸಾಲು ಅಕ್ಷರ. ನಿಮ್ಮ ಕಂಪ್ಯೂಟರ್ ಅದನ್ನ ನೆನಪಿಟ್ಟುಕೊಂಡಿರುತ್ತೆ. ಯಾವತ್ತಾದರೂ ಬೇರೆ ಗುರುತು ಬಂದರೆ ನಿಂತು ಕೇಳುತ್ತೆ. ಆಗ ಒತ್ತಬೇಡಿ. ನನಗೆ ಫೋನ್ ಮಾಡಿ. ನಾನು ಯಂತ್ರದ ಮುಂದೇನೇ ಕೂತು ಅಕ್ಷರ ಓದ್ತೀನಿ, ನೀವು ನಿಮ್ಮಲ್ಲಿ ಬಂದದ್ದರ ಜತೆ ತಾಳೆ ನೋಡಿ."

ಅವಳು ಹ್ಞೂಂ ಎಂದಳು. ಮೊದಲ ಕಾಲದಲ್ಲಿ ಹಾಗೇ ಮಾಡಿದಳು ಕೂಡ. ಅವನು ಯಂತ್ರವನ್ನು ಆಗಾಗ ಅಳಿಸಿ ಹೊಸದಾಗಿ ಕಟ್ಟುತ್ತಿದ್ದ. ಅಳಿಸಿದಾಗಲೆಲ್ಲ ಗುರುತು ಬದಲಾಗುತ್ತಿತ್ತು, ಚೌಕ ಏಳುತ್ತಿತ್ತು, ಅವಳು ಫೋನ್ ಮಾಡುತ್ತಿದ್ದಳು. ಅವನು ಓದುತ್ತಿದ್ದ. ಪ್ರತಿ ಸಲವೂ ಅಕ್ಷರಗಳು ತಾಳೆಯಾದವು.

ಒಂದು ದಿನ ಅಂಗಡಿಯ ತುಂಬ ಜನ ಇದ್ದರು. ಅವಳ ಒಂದು ಕೈಯಲ್ಲಿ ಮೊಟ್ಟೆಗಳು ಅಂಟಿಕೊಂಡಿದ್ದ ಹಾಳೆ ಇತ್ತು. ಹಾಗಾಗಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಆ ಕಡೆಯಿಂದ ಅವನು ದೊಡ್ಡ ದನಿಯಲ್ಲಿ ಓದಿದ.

"ದೊಡ್ಡ ಬಿ ಅಕ್ಕಾ, ಬಿ ಫಾರ್ ಬಾಲ್. ಸಣ್ಣ ಕ್ಯೂ. ಆಮೇಲೆ ಡಿ, ಡಿ ಫಾರ್ ಡಾಗ್..."

ರೇಷ್ಮೆಗೂಡಿನ ದಲ್ಲಾಳಿ ಒಬ್ಬ ಬೆಂಚಿನ ಮೇಲೆ ಕುಳಿತಿದ್ದ. ಅವನು ತೊಡೆ ತಟ್ಟಿಕೊಂಡು ನಕ್ಕ.

"ಏನಕ್ಕಾ, ಈ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರಿದ್ದೀಯಾ? ಇ ಫಾರ್ ಎಲಿಫೆಂಟ್ ಯಾವಾಗ ಬರುತ್ತೆ?"

ಜನ ನಕ್ಕರು. ಅವಳೂ ನಕ್ಕಳು. ಆದರೆ ಅವಳ ಕಿವಿ ಕಾದ ಹಂಚಿನಂತಾಗಿತ್ತು. ಯಾರ ಹಂಗೂ ಇಲ್ಲದೆ ತಾನೇ ಹೆಕ್ಕಿಕೊಂಡ ಅಕ್ಷರಗಳನ್ನು, ಇವತ್ತು ಒಬ್ಬ ಸಂಬಳದವನು ಹತ್ತು ಜನರ ಮುಂದೆ ಮಗುವಿಗೆ ತುತ್ತಿಟ್ಟ ಹಾಗೆ ಒಂದೊಂದೇ ತನ್ನ ಬಾಯಿಗೆ ಇಡುತ್ತಿದ್ದ. ಫೋನ್ ಇಟ್ಟಳು. ಆಮೇಲೆ ಅವಳು ಆ ವಿಷಯಕ್ಕೆ ಫೋನ್ ಮಾಡಲೇ ಇಲ್ಲ.

ಚೌಕ ಬಂದರೆ ‘ಹೌದು’ ಒತ್ತಿದಳು. ಬಾಗಿಲು ತೆರೆಯಿತು. ಒಳಗೆ ಅವಳದೇ ಯಂತ್ರ, ಅವಳದೇ ಚಳಿ. ಇನ್ನೊಂದು ಸಲ ಬಂತು, ಒತ್ತಿದಳು. ಆಗಲೂ ಅವಳದೇ. ಚೌಕದಲ್ಲಿ ಏನು ಬರೆದಿದೆ ಎಂದು ಓದುವುದನ್ನೂ ಬಿಟ್ಟಳು. ಓದಲು ಬಾರದೆ ಅಲ್ಲ. ಒಬ್ಬನೇ ಭಿಕ್ಷುಕ ದಿನವೂ ಬಾಗಿಲಿಗೆ ಬಂದರೆ ಅವನ ಮುಖ ನೋಡುವವರು ಯಾರು? ಅವಳಿಗೆ ಆ ಚೌಕ ಹಾಗಾಯಿತು.

ದೊರೆಸ್ವಾಮಿ ಇಲ್ಲಿ ತಡೆಯಲಾರದೆ ಬಾಯಿ ಹಾಕಿದ. "ಅದರಲ್ಲಿ ತಪ್ಪೇನಿದೆ ಅಮ್ಮಾ? ಕೀ ಅವಳ ಹತ್ತಿರವೇ ಇತ್ತು. ಗುಟ್ಟಿನ ಮಾತು ಯಾರಿಗೂ ಹೇಳಿರಲಿಲ್ಲ. ಕೀ ಹಾಕಿದಳು, ಬಾಗಿಲು ತೆರೆಯಿತು. ತನ್ನ ಮನೆಯಲ್ಲದಿದ್ದರೆ ತೆರೆಯುತ್ತಿತ್ತಾ?"

"ಅವಳೂ ಹಾಗೇ ಅಂದುಕೊಂಡಳು" ಎಂದು ನಂಜಮ್ಮಣ್ಣಿ ಮುಂದುವರಿಸಿದರು.

ಆ ವರ್ಷ ಬೆಟ್ಟದೂರಿನವನು ತನ್ನ ಕೈಕೆಳಗೆ ಹೊಸಬರನ್ನು ಸೇರಿಸಿಕೊಂಡ. ಕಲಿಯುವವರು ನಿಜವಾದ ಯಂತ್ರಕ್ಕೆ ಕೈ ಹಾಕಿದರೆ ಮೊಟ್ಟೆ ಕೆಡುತ್ತದೆ. ಅದಕ್ಕಾಗಿ ಅವನು ಆ ಯಂತ್ರದ ಒಂದು ನಕಲು ಮಾಡಿ ಬೇರೊಂದು ಪೆಟ್ಟಿಗೆಯಲ್ಲಿಟ್ಟ. ಅಸಲಿನಲ್ಲಿ ಏನೇನಿತ್ತೋ ಎಲ್ಲ ನಕಲಿನಲ್ಲೂ ಇತ್ತು. ಅಲ್ಲಿ ಇಟ್ಟಿದ್ದ ಅವಳ ಕೀಯ ಭಾಗವೂ ನಕಲಿಗೆ ಬಂದಿತ್ತು. ಕೆಲಸದಲ್ಲಿ ಮಾತ್ರ ಒಂದು ವ್ಯತ್ಯಾಸ. ನಕಲಿನಿಂದ ಶೀತಾಗಾರಕ್ಕೆ ಒಂದು ತಂತಿಯೂ ಹೋಗಿರಲಿಲ್ಲ. ಹದಿನೈದು ಡಿಗ್ರಿ ಮಾಡು ಎಂದರೆ ಹದಿನೈದು ಎಂದು ತೋರಿಸುತ್ತಿತ್ತು, ಇಪ್ಪತ್ತು ಎಂದರೆ ಇಪ್ಪತ್ತು ಎಂದು ತೋರಿಸುತ್ತಿತ್ತು. ಕಲಿಯುವವರಿಗೆ ಅಷ್ಟು ಸಾಕು.

ಅವನು ಜಾಣ. ಯಾರೂ ಒಂದನ್ನು ಇನ್ನೊಂದೆಂದು ತಿಳಿಯಬಾರದೆಂದು ನಕಲಿಗೆ ಬೇರೆ ಗುರುತು ಕೊಟ್ಟ.

ಒಂದು ಮಧ್ಯಾಹ್ನ ಬೆಟ್ಟದೂರಿನಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಎರಡು ಪೆಟ್ಟಿಗೆಗಳೂ ಎದ್ದವು. ನಕಲು ತುಸು ಮೊದಲು ಎದ್ದಿತು. ಎದ್ದದ್ದೇ, ನಕಲು ಮಾಡುವಾಗ ಜತೆಗೇ ಬಂದಿದ್ದ ಅಸಲಿನ ವಿಳಾಸವನ್ನು ತಾನು ಹಿಡಿದುಕೊಂಡಿತು. ಇದು ಯಾರ ಕುತಂತ್ರವೂ ಅಲ್ಲ, ಕಳ್ಳರು ಯಾರೂ ಬರಲಿಲ್ಲ. ಅಸಲು ತನ್ನ ಪಾಡಿಗೆ ತಾನು ಮೊಟ್ಟೆಯನ್ನು ಐದು ಡಿಗ್ರಿಯಲ್ಲಿ ಕಾಯುತ್ತ ಕುಳಿತಿತ್ತು. ಆದರೆ ಹೊರಗಿನಿಂದ ಕರೆದವರಿಗೆ ಓಗೊಡುತ್ತಿದ್ದದ್ದು ನಕಲು.

ಅದೇ ಸಂಜೆ ಅವಳು ಅಂಗಡಿಯಿಂದ ಒಳಗೆ ಹೋಗಲು ಹೊರಟಳು. ಚೌಕ ಎದ್ದಿತು. ಒತ್ತಿದಳು. ಗುಟ್ಟಿನ ಮಾತು ಕೇಳಿತು. ಕೊಟ್ಟಳು. ತೆರೆಯಿತು.

ಮೊಟ್ಟೆಯನ್ನು ಶೀತಾಗಾರದಿಂದ ಹೊರತೆಗೆದು ಹಂಚುವ ಬಿಡುಗಡೆಯ ದಿನ ಹತ್ತಿರ ಬಂದಿತ್ತು. ಅವಳು ದಿನ ಲೆಕ್ಕ ಹಾಕಿ ಹದಿನೈದು ಡಿಗ್ರಿಗೆ ಏರಿಸು ಎಂದು ಆಜ್ಞೆ ಕೊಟ್ಟಳು. ಹಿಂದೆಲ್ಲ ಯಂತ್ರ ಹನ್ನೆರಡಕ್ಕೆ ಬಂದು ನಿಲ್ಲುತ್ತಿತ್ತು, ಬಾಗಿಲು ಸಡಿಲ ಎಂದು ದೂರುತ್ತಿತ್ತು, ಹದಿನೈದಕ್ಕೆ ಏರಲು ಬಸುರಿಯ ಹಾಗೆ ಏದುಸಿರು ಬಿಡುತ್ತಿತ್ತು. ಈ ಸಲ ಹೇಳಿದ ಉಸಿರಿನಲ್ಲೇ ಹದಿನೈದು ಎಂದಿತು.

"ಕೊನೆಗೂ ಬುದ್ಧಿ ಬಂತು ಇದಕ್ಕೆ" ಎಂದಳು.

ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಮೊಟ್ಟೆ ಬಿಡುಗಡೆಯಾಗುವವರೆಗೆ ಅವಳು ಯಾವ ವರ್ಷವೂ ಒಂದು ಕಡೆ ಕುಳಿತವಳಲ್ಲ. ಊಟದ ನಡುವೆ ಎದ್ದು ಎಂಜಲು ಕೈಯಲ್ಲೇ ನೋಡಿದಳು. ಹದಿನೈದು. ಹಳ್ಳಿಯವರಿಗೆ ದಿನ ಹೇಳಿ ಕಳಿಸಿದಳು, ಬಂದು ನೋಡಿದಳು. ಹದಿನೈದು. ಯಂತ್ರ ಸರಿಯಾಗಿದೆ, ನನಗೇಕೆ ಹೀಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ತನ್ನ ಮೇಲೆ ತಾನೇ ಸಿಡುಕಿದಳು. ಒಂದು ಗಳಿಗೆಯೂ ಅಲುಗಾಡದ ಆ ಹದಿನೈದು ಅವಳಿಗೆ ಹಿಡಿಸಿತ್ತು. ಹಿಡಿಸಿದ್ದನ್ನು ಅವಳು ಮತ್ತೆ ಕೆದಕಲಿಲ್ಲ.

ಬಿಡುಗಡೆಯ ಬೆಳಿಗ್ಗೆ ಅಂಗಡಿಯ ಮುಂದೆ ಹಳ್ಳಿಗಳವರು ಬಂದು ಸೇರಿದ್ದರು. ಬೆಟ್ಟದೂರಿಗೆ ಹೋದ ವ್ಯಾನು ಮೊಟ್ಟೆ ತರುವುದನ್ನು ಕಾಯುತ್ತಿದ್ದರು. ಆಗ ಬೆಟ್ಟದೂರಿನವನ ಫೋನ್ ಬಂತು.

"ಅಕ್ಕಾ, ವ್ಯಾನು ಬಂದಿದೆ. ಈಗ ತಾನೇ ಬಾಗಿಲು ತೆಗೆದೆ. ಒಳಗೆ ಇನ್ನೂ ಐದೇ ಇದೆಯಲ್ಲ. ಏರಿಸಿಲ್ವಾ?"

"ಏರಿಸಿ ಎಷ್ಟು ದಿನ ಆಯ್ತು! ಈಗಲೂ ನನ್ನ ಕಣ್ಣ ಮುಂದೇನೇ ಹದಿನೈದು ಅಂತಿದೆ."

"ಇಲ್ಲಿ ಕೈ ಮರಗಟ್ತಾ ಇದೆ ಅಕ್ಕಾ."

"ಬೆಟ್ಟದ ಮೇಲೆ ಕೂತವನಿಗೆ ಕೈ ಮರಗಟ್ಟದೆ ಬೆವರು ಬರುತ್ತಾ? ಸ್ವೆಟರ್ ಹಾಕ್ಕೋ."

ಅವನು ದನಿ ತಗ್ಗಿಸಿ, "ಅಕ್ಕಾ, ನೀವು ಯಾವ ಯಂತ್ರದೊಳಗಿದ್ದೀರಿ?" ಎಂದ.

"ಯಾವ ಯಂತ್ರ ಅಂದ್ರೆ? ನನ್ನ ಯಂತ್ರ! ನನ್ನ ಕೀಗೆ ತೆರೆದುಕೊಂಡಿದೆ. ನನ್ನ ಮಾತು ಕೇಳ್ತಿದೆ."

"ಆದರೂ ಒಂದ್ಸಲ ಗುರುತು ಓದ್ತೀನಿ ಅಕ್ಕಾ, ನೀವು ಸುಮ್ಮನೆ..."

ಅವಳು ತಲೆಯೆತ್ತಿ ನೋಡಿದಳು. ಅಂಗಡಿಯ ತುಂಬ ಜನ. ಬೆಂಚಿನ ತುದಿಯಲ್ಲಿ ಆ ದಲ್ಲಾಳಿ. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಏನೋ ತಪ್ಪಿದೆ ಎಂದು ಅವಳಿಗೆ ಅನ್ನಿಸಿತು. ಎರಡು ನಿಮಿಷ ನಿಂತು ಅಕ್ಷರ ತಾಳೆ ನೋಡಿದರೆ ಮುಗಿದುಹೋಗುತ್ತಿತ್ತು. ಬಿಡುಗಡೆ ಕೆಲವು ದಿನ ತಡವಾಗುತ್ತಿತ್ತು, ಸೊಪ್ಪು ಸ್ವಲ್ಪ ಬಲಿಯುತ್ತಿತ್ತು, ಜನ ಗೊಣಗುತ್ತಿದ್ದರು. ಅಷ್ಟೇ.

"ನಿನ್ನ ಎ ಬಿ ಸಿ ಡಿ ನಿನ್ನ ಹತ್ರಾನೇ ಇರಲಿ. ನಿನ್ನ ಮೀಟರು ಕೆಟ್ಟಿದೆ, ಮೊದಲು ಅದನ್ನ ರಿಪೇರಿ ಮಾಡಿಸು. ಮೊಟ್ಟೆ ವ್ಯಾನಿಗೆ ಹತ್ತಿಸು" ಎಂದಳು.

"ಅಕ್ಕಾ..."

"ಹತ್ತಿಸು ಅಂದ್ರೆ ಹತ್ತಿಸು. ಚಳಿಯ ಮಾತು ನನ್ನದು ಅಂತ ಹೇಳಿಲ್ವಾ?"

ಅವನು ಹತ್ತಿಸಿದ. ಐದು ಡಿಗ್ರಿಯಲ್ಲಿ ಮಲಗಿದ್ದ ಮೊಟ್ಟೆ ನೇರವಾಗಿ ಬಯಲುಸೀಮೆಯ ಬಿಸಿಲಿಗೆ ಬಂದು ಇಳಿಯಿತು. ನೋಡಲು ಅದೇ ಮೊಟ್ಟೆ, ಅದೇ ಹಾಳೆ. ಜನ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರು.

ಮೊಟ್ಟೆ ಒಡೆಯಬೇಕಾದ ದಿನ ಬಂತು. ಆ ಬೆಳಿಗ್ಗೆ ಪ್ರತಿ ಹುಳುಮನೆಯಲ್ಲೂ ಹೆಂಗಸರು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿಟ್ಟುಕೊಂಡು ಹಾಳೆ ಬಿಚ್ಚಿದರು. ಅಲ್ಲೊಂದು ಇಲ್ಲೊಂದು ಕಪ್ಪು ಕೂದಲೆಳೆಯಂಥ ಹುಳು ಹರಿದಾಡುತ್ತಿತ್ತು. ಉಳಿದವು ಒಡೆದಿರಲಿಲ್ಲ. ಮಾರನೆಯ ದಿನ ಇನ್ನಷ್ಟು ಒಡೆದವು. ಅದರ ಮಾರನೆಯ ದಿನ ಮತ್ತಷ್ಟು. ಕೆಲವು ಒಡೆಯಲೇ ಇಲ್ಲ. ಮೊದಲು ಬಂದವು ಜ್ವರಕ್ಕೆ ಮಲಗಿದಾಗ ಕೊನೆಗೆ ಬಂದವು ಸೊಪ್ಪಿಗೆ ತಲೆ ಎತ್ತಿ ಆಡಿಸುತ್ತಿದ್ದವು.

ಮೊದಲು ಒಬ್ಬರು ಬಂದರು. ಆಮೇಲೆ ಇಬ್ಬರು. ಆಮೇಲೆ ಅಂಗಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಕೂಗಾಡಿದವರನ್ನು ಅವಳು ಎದುರಿಸಿದಳು. ಕೂಗಾಟ ಅವಳಿಗೆ ಹೊಸದಲ್ಲ. ನಿಮ್ಮ ಮನೆಯ ಶಾಖ ಸರಿಯಿಲ್ಲ, ನಿಮ್ಮ ಸೊಪ್ಪು ಬಲಿತಿದೆ, ನನ್ನ ಮೊಟ್ಟೆಗೆ ಇವತ್ತಿನವರೆಗೆ ಯಾರು ಬೆರಳು ತೋರಿಸಿದ್ದಾರೆ ಎಂದು ಗಂಟಲು ಏರಿಸಿದಳು.

ಕೊನೆಗೆ ಒಬ್ಬ ಹೆಂಗಸು ಗುಂಪು ಸರಿಸಿಕೊಂಡು ಬಂದಳು. ಅವಳು ಕೂಗಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ, ಕಂಪ್ಯೂಟರಿನ ಮುಂದೆ ಇಟ್ಟಳು. ತಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹುಳುಗಳೂ ಎಳ್ಳಿನಷ್ಟು ಹುಳುಗಳೂ ಒಂದರ ಮೇಲೊಂದು ಇದ್ದವು. ಕೆಲವು ಮಲಗಿದ್ದವು. ಕೆಲವು ಎದ್ದಿದ್ದವು.

"ನೀನು ಬಲ್ಲವಳು, ಹೇಳಕ್ಕಾ" ಎಂದಳು ಅವಳು. "ಇದರಲ್ಲಿ ಯಾವುದಕ್ಕೆ ಸೊಪ್ಪು ಹಾಕಲಿ, ಯಾವುದನ್ನ ಸಾಯೋಕೆ ಬಿಡಲಿ?"

ಮೊಟ್ಟೆ ಮಾರುವವಳೂ ಹುಳು ಸಾಕಿದವಳು. ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ಫೋನ್ ತೆಗೆದುಕೊಂಡು ಮೇಜಿನ ಮೇಲಿಟ್ಟು, ತಾನೇ ಸ್ಪೀಕರ್ ಹಾಕಿ, ಬೆಟ್ಟದೂರಿನವನನ್ನು ಕರೆದಳು.

"ಓದಪ್ಪಾ" ಎಂದಳು.

"ಈಗಲಾ ಅಕ್ಕಾ? ನಿಮ್ಮ ಹತ್ತಿರ ಜನ ಇರೋ ಹಾಗಿದೆ..."

"ಇರಲಿ. ಒಂದೊಂದೇ ಅಕ್ಷರ ಓದು. ನಿಧಾನವಾಗಿ ಓದು. ನಾನು ನೋಡ್ತಾ ಇದ್ದೀನಿ."

ಅವನು ಅಸಲು ಯಂತ್ರದ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡ. ಅಂಗಡಿಯಲ್ಲಿ ಯಾರೂ ನಗಲಿಲ್ಲ.

"ದೊಡ್ಡ ಎಂ ಅಕ್ಕಾ, ಎಂ ಫಾರ್ ಮಂಕಿ."

ಅವಳು ತನ್ನ ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಗುರುತನ್ನು ಪರದೆಯ ಮೇಲೆ ತೆರೆದು, ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಅವಳ ಬೆರಳಿನ ಕೆಳಗಿದ್ದದ್ದು ಎಂ ಅಲ್ಲ.

"ಆಮೇಲೆ ಅಕ್ಕಾ..."

"ಸಾಕು" ಎಂದಳು.

ನಂಜಮ್ಮಣ್ಣಿ ಅಲ್ಲಿಗೆ ನಿಲ್ಲಿಸಿದರು.

ದೊರೆಸ್ವಾಮಿಯ ಕಾಲು ಯಾವಾಗಲೋ ಅಲ್ಲಾಡುವುದನ್ನು ಬಿಟ್ಟಿತ್ತು. ಆದರೆ ಒಳಗಿನ ತಳಮಳ ಬಿಟ್ಟಿರಲಿಲ್ಲ. ಅವನಿಗೆ ಆ ಹೆಂಗಸಿನ ಮೇಲೆ ಮರುಕ ಬಂದಿತ್ತು, ಆ ನಕಲು ಪೆಟ್ಟಿಗೆಯ ಮೇಲೆ ಸಿಟ್ಟು ಬಂದಿತ್ತು. ಅವನು ಕುರ್ಚಿಯಿಂದ ಅರ್ಧ ಎದ್ದ.

"ಎಂಥ ಮೋಸ ಅಮ್ಮಾ! ಅವಳು ನಂಬಿ ಕೇಳಿದಳು. ಅದು ಹದಿನೈದು ಹದಿನೈದು ಅಂತ ಅಷ್ಟು ದಿನ ಮುಖದ ಮೇಲೇ ಸುಳ್ಳು ಹೇಳಿತು. ಆ ನಕಲು ಯಂತ್ರವನ್ನ ಬಾವಿಗೆ ಎಸೆಯಬೇಕಿತ್ತು!"

ನಂಜಮ್ಮಣ್ಣಿ ಮಡಿಲಿನಿಂದ ಮೌಸ್ ತೆಗೆದು ಅವನ ಮುಂದಿಟ್ಟರು.

"‘ನಾನು ನಿನ್ನ ಯಂತ್ರ ಅಲ್ಲ’ ಎಂದು ಅದು ಬಾಗಿಲಲ್ಲೇ ಹೇಳಿತ್ತಲ್ಲ ದೊರೆ, ಅವಳು ‘ಹೌದು’ ಎಂದಳು."